ಭಾನುವಾರದ ಚಿಲಕ

ನಾನು ದೇಶದ ರಾಜಧಾನಿಯ ಲಕ್ಷ್ಮೀ ನಗರದಲ್ಲಿ ಓದುತ್ತಿದ್ದಾಗ ಎದುರು ಫ್ಲ್ಯಾಟಿನಲ್ಲಿ ಧಾರವಾಡದ ಕಡೆಯ ಅನುವಾದಕಿಯೊಬ್ಬರು ಒಬ್ಬರೇ ಇದ್ದರು. ಭಾನುವಾರ ಊಟಕ್ಕೆ ಕರೆದರೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಇವತ್ತೊಂದಿನ ನನ್ನ ಪಾಡಿಗೆ ನನ್ನ ಬಿಡವಾ," ಎನ್ನುತ್ತಿದ್ದರು. ಆಮೇಲೆ ಬಾಲ್ಕನಿಯ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಪುಸ್ತಕದಲ್ಲಿ ಹಿಡಿಸಿದ ಸಾಲನ್ನು ತಮಗೆ ತಾವೇ ಗಟ್ಟಿಯಾಗಿ ಓದಿಕೊಂಡು ನಗುತ್ತಿದ್ದರು. ಅಷ್ಟು ನೆಮ್ಮದಿಯ ನಗುವನ್ನು ನಾನು ಜನ ತುಂಬಿದ ಮನೆಗಳಲ್ಲೂ ಕೇಳಿರಲಿಲ್ಲ.

ಒಂದು ಜನವರಿಯ ಸೋಮವಾರ ಬೆಳಿಗ್ಗೆ ಅವರ ಬಾಗಿಲಲ್ಲಿ ಎರಡು ದಿನದ ಹಾಲಿನ ಪ್ಯಾಕೆಟ್‌ಗಳು ಬಿದ್ದಿದ್ದವು. ಬೆಲ್ ಒತ್ತಿದರೆ ಉತ್ತರವಿಲ್ಲ. ಕಿವಿಗೊಟ್ಟಾಗ ಒಳಗೆಲ್ಲೋ ಬಕೆಟ್ ಬಡಿಯುವ ಸದ್ದು ಕ್ಷೀಣವಾಗಿ ಕೇಳಿತು. ವಾಚ್‌ಮನ್ ಭಯ್ಯಾನನ್ನು ಕರೆದು ಬಾಗಿಲು ಒಡೆಸಿದೆ. ಬಚ್ಚಲುಮನೆಯ ಚಿಲಕ ಸಿಕ್ಕಿಕೊಂಡು, ಅವರು ಹಿಂದಿನ ದಿನ ಬೆಳಗಿನಿಂದ ಆ ಚಳಿಯಲ್ಲಿ ಅಲ್ಲೇ ಉಳಿದಿದ್ದರು. ಕೂಗಿ ಕೂಗಿ ದನಿ ಹೋಗಿತ್ತು.

ಮಂಚದ ಮೇಲೆ ಮಲಗಿಸಿ ರಜಾಯಿ ಹೊದಿಸುವಾಗ ನನಗೆ ತಡೆಯಲಾಗಲಿಲ್ಲ. "ಮೇಡಂ, ನಿನ್ನೆಯೂ ನನಗೆ ಸದ್ದು ಕೇಳಿಸಿತ್ತು. ಬಟ್ಟೆ ಒಗೀತಿದ್ದೀರಿ ಅಂದುಕೊಂಡು ಸುಮ್ಮನಾದೆ," ಎಂದು ಅತ್ತುಬಿಟ್ಟೆ.

ಅವರು ಪಿಸುದನಿಯಲ್ಲಿ, "ಬಿಡು ಅಂತ ನಿನಗ ಹೇಳಿದಾಕಿ ನಾನಽ ಅಲ್ಲೇನು?" ಎಂದರು. ಆಮೇಲೆ, "ಇವತ್ತು ಇಲ್ಲೇ ಇರು. ಮಾತಾಡಬ್ಯಾಡ, ಬರೇ ಇರು," ಎಂದರು.

ಸಂಜೆಯವರೆಗೆ ನಾವಿಬ್ಬರೂ ಒಂದು ಮಾತನ್ನೂ ಆಡಲಿಲ್ಲ. ನೀರು ತರಲೆಂದು ನಾನು ಎದ್ದಾಗಲೆಲ್ಲ ಅವರು ಕಣ್ಣು ತೆರೆದು, ಮರಳಿ ಬಂದು ಕೂರುವವರೆಗೂ ನೋಡುತ್ತಲೇ ಇದ್ದರು.