ಕೆಂಪು ದಾರದ ಪಂಪು

ನಮ್ಮಣ್ಣನ ಎರಡೂ ಹೆಗಲ ಮೇಲೆ ಪಂಪಿನ ಪಟ್ಟಿ ಒತ್ತಿ ಒತ್ತಿ ಕಪ್ಪು ಗೆರೆ ಬಿದ್ದಿದ್ದವು. ಅಂಗಿ ತೆಗೆದು ಜಳಕಕ್ಕೆ ಕೂತರೂ ಬೆನ್ನ ಮೇಲೆ ಪಂಪು ಹೊತ್ತವನಂತೆ ಕಾಣುತ್ತಿದ್ದ. ಕೂಲಿಗೆ ಎಣ್ಣೆ ಹೊಡೆಯುವುದು ಅವನ ಕೆಲಸ. ನಮ್ಮಲ್ಲಿ ಬೆಳೆಗೆ ಸಿಂಪಡಿಸುವ ಔಷಧಕ್ಕೆ ಎಣ್ಣೆ ಎನ್ನುತ್ತಾರೆ. ನೀರು ಹೊತ್ತು ತಂದು ಪಂಪಿಗೆ ಸುರಿಯುವವಳು ನಾನು, ಐದನೇ ತರಗತಿಗೆ ಶಾಲೆ ಬಿಟ್ಟ ತಂಗಿ.

ಹೊಲಕ್ಕೆ ಹೋದ ಕೂಡಲೇ ಅವನು ಪಂಪು ಏರಿಸುತ್ತಿರಲಿಲ್ಲ. ಮೊದಲು ಹತ್ತಿಯ ಎಲೆ ಮಗುಚಿ ನೋಡುತ್ತಿದ್ದ. "ಬಿಟಿ ಬೀಜ ಕಾಯಿ ಕೊರಿಯೋ ಹುಳಕ್ಕ ಅಷ್ಟ. ರಸ ಹೀರೋ ಹುಳಕ್ಕ ಅದೇನ ಮಾಡತೈತಿ? ಹುಳ ಇದ್ರ ಹೊಡಿಯೋಣು, ಇಲ್ಲಂದ್ರ ಮನಿಗೆ ಹೋಗೋಣು" ಎನ್ನುತ್ತಿದ್ದ. ಹುಳ ಇಲ್ಲವೆಂದು ಕೂಲಿ ಬಿಟ್ಟು ತಿರುಗಿ ಬಂದದ್ದೂ ಉಂಟು. ನನಗೆ ಸಿಟ್ಟು ಬರುತ್ತಿತ್ತು.

ಪಂಪು ಎರಡಿದ್ದವು. ಕಸ, ಅಂದರೆ ಕಳೆ, ಸುಡುವ ಎಣ್ಣೆಯ ಪಂಪಿಗೆ ಕೆಂಪು ದಾರ ಕಟ್ಟಿದ್ದ. ಆ ಎಣ್ಣೆಯ ಪಸೆ ಉಳಿದಿದ್ದರೂ ಹತ್ತಿ ಸುಡುತ್ತದೆಂದು ಅದನ್ನು ಹತ್ತಿಗೆ ಮುಟ್ಟಿಸುತ್ತಿರಲಿಲ್ಲ.

ಒಮ್ಮೆ ಮಸೂತಿ ಊರಿನ ಹೊಲವೊಂದರಲ್ಲಿ ಹತ್ತಿಯ ಪಂಪಿನ ಹಿಡಿಕೆ ಮುರಿಯಿತು. ಹಿಂದಿನ ದಿನ ಅಲ್ಲೇ ಗೋವಿನಜೋಳದ ಕಸಕ್ಕೆ ಹೊಡೆದಿದ್ದ ಕೆಂಪು ದಾರದ ಪಂಪು ಬದುವಿನ ಮೇಲಿತ್ತು. ನಾಳೆ ಬರುತ್ತೇನೆಂದ ಅಣ್ಣ. ಹೊಲದ ಯಜಮಾನ ಕೇಳಲಿಲ್ಲ. "ಅಲ್ಲೈತಲ್ಲ ಇನ್ನೊಂದ ಪಂಪು, ಅದೇನ ಬಿಂಕಕ್ಕ ತಂದಿಯೇನ? ಇವತ್ತ ಹೊಡಿ, ಇಲ್ಲಂದ್ರ ಇನ್ನೊಮ್ಮಿ ಈ ಕಡೆ ಬರಬ್ಯಾಡ."

ಅಣ್ಣ ನನ್ನ ಕೈಗೆ ಬಟ್ಟೆ ಸೋಡಾದ ಪುಡಿ ಕೊಟ್ಟ. "ಮೂರು ಸಲ ತೊಳಿ, ತಂಗಿ. ನಳಿಗ್ಯಾಗೂ ನೀರ ಹಾಯಸು."

ಬಾವಿ ಎರಡು ಹೊಲದಾಚೆ. ಬೆಳಗಿನಿಂದ ನೀರು ಹೊತ್ತು ಸೊಂಟ ಬಿದ್ದುಹೋಗಿತ್ತು. ಒಂದೇ ಕೊಡ ಸುರಿದು, ಕುಲುಕಿ ಚೆಲ್ಲಿದೆ. ಪುಡಿಯನ್ನು ಗಾಳಿಗೆ ತೂರಿಬಿಟ್ಟೆ.

"ತೊಳದಿಯೇನವಾ?"

"ಹೂಂ, ತೊಳದೇನಿ. ಎಷ್ಟ ಸಲ ಕೇಳ್ತಿ!"

ಅಣ್ಣ ಅದೇ ಪಂಪಿನಿಂದ ಹತ್ತಿಗೆ ಹೊಡೆದ. ವಾರದೊಳಗೆ ಎಲೆಗಳು ಕೋಳಿಕಾಲಿನಂತೆ ಸಪೂರವಾಗಿ ಮುರುಟಿದವು. ಯಜಮಾನ ನಮ್ಮ ಓಣಿಯಲ್ಲಿ ನಿಂತು ಕೂಗಿದ: "ಕುಡದ ಬಂದ ಹೊಡದಾನ ಇವ! ಬೆಳಿ ಸುಟ್ಟ ಹಾಕ್ಯಾನ!" ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ ನಮ್ಮಣ್ಣ. ಅವನು ತಿರುಗಿ ನನ್ನನ್ನು ಒಮ್ಮೆ ನೋಡಿದ. ನಾನು ಒಲೆ ಊದುತ್ತ ಕೂತಿದ್ದೆ.

"ಪಂಪು ನಂದು, ತಪ್ಪೂ ನಂದ" ಅಂದ.

ಹತ್ತಿ ಸುಟ್ಟವನೆಂಬ ಹೆಸರು ಮುದ್ದೇಬಿಹಾಳದ ಸಂತೆಯ ತನಕ ಮುಟ್ಟಿತು. ಆಮೇಲೆ ಯಾರೂ ಕರೆಯಲಿಲ್ಲ. ಅವಸರ ಮಾಡಿದ ಯಜಮಾನನನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ಬಾಯಿಗೆ ಈಗಲೂ ಹೊಡೆದುಕೊಳ್ಳಬೇಕೆನಿಸುತ್ತದೆ. ನಮ್ಮ ಒಂದೆಕರೆ ಹೊಲಕ್ಕೆ ಹೊಡೆದ ಮೇಲೆ ಕೆಂಪು ದಾರದ ಪಂಪನ್ನು ಅಣ್ಣ ತಾನೇ ಮೂರು ಸಲ ತೊಳೆದು ಗೂಟಕ್ಕೆ ಹಾಕುತ್ತಿದ್ದ. ತೊಳದಿಯೇನವಾ ಎಂದು ನನ್ನನ್ನು ಮತ್ತೆಂದೂ ಕೇಳಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹೋದ ವರ್ಷ ಎದೆ ನೋವೆಂದು ಕೂತವನು ಏಳಲಿಲ್ಲ. ದಿವಸ ಮುಗಿದು ವಾರವಾಗಿರಲಿಲ್ಲ, ಆ ಯಜಮಾನನ ಮಗ ಬೈಕಿನ ಮೇಲೆ ಬಂದ.

"ಅಕ್ಕಾರ, ಅಣ್ಣಾರ ಪಂಪು ಕೊಡ್ರಿ, ಹತ್ತಿಗೆ ಹೊಡೀಬೇಕು. ಭಾಳ ಸ್ವಚ್ಛ ಇಡ್ತಿದ್ರಂತ."

ನನ್ನ ಮೈ ಉರಿಯಿತು. "ಅವತ್ತ ಪಂಪು ತೊಳೀದ ಬಿಟ್ಟಾಕಿ ನಾ. ನಿಮ್ಮ ಹತ್ತಿ ಸುಟ್ಟಾಕಿ ನಾ. ನಿಮ್ಮಪ್ಪಗ ಹೋಗಿ ಹೇಳು. ಓಣ್ಯಾಗ ನಿಂತ ಬೈದಾನಲ್ಲ, ಓಣ್ಯಾಗ ನಿಂತ ಇದನ್ನೂ ಹೇಳಲಿ!"

ಹುಡುಗ ನಕ್ಕ. "ಬಿಡ್ರಿ ಅಕ್ಕಾರ, ಹಳೇ ಮಾತು. ಅಪ್ಪಗ ನೆನಪೂ ಇಲ್ಲ."

ನೆನಪೂ ಇಲ್ಲವಂತೆ!

ಪಂಪು ಕೊಡಲಿಲ್ಲ. ಅವನು ಹೋದ ಮೇಲೆ ಕೆಂಪು ದಾರದ ಪಂಪನ್ನು ಗೂಟದಿಂದ ಇಳಿಸಿ, ಸೋಡಾ ಹಾಕಿ, ಮೂರು ಸಲ ತೊಳೆದೆ. ತೊಳೆದೆಯಾ ಎಂದು ಕೇಳುವವನು ಮನೆಯಲ್ಲಿರಲಿಲ್ಲ.