ಸೀಗೆಮೆಳೆಯವಳನ್ನು ಮಾಡಿದ್ದು ನಾನೇ

ಆ ಸಂಜೆ ಸೀಗೆಮೆಳೆಯ ಕಡೆಯಿಂದ ನನ್ನ ಹೆಸರು ಹಿಡಿದು ಕೂಗಿದ್ದು ನಂಜಿ. ದೆವ್ವ ಅಲ್ಲ. ಅದು ನನಗೆ ಆವಾಗಲೇ ಗೊತ್ತಿತ್ತು — ಆ ಮೆಳೆಯಲ್ಲಿ ದೆವ್ವವೇ ಇರಲಿಲ್ಲ, ಇದೆ ಎಂದು ಊರಿಗೆಲ್ಲ ಹಬ್ಬಿಸಿದವಳು ನಾನು. ಗೊತ್ತಿದ್ದೂ ಓಡಿದೆ. ಅವಳ ತಾಯಿ ಬಂದು ಕೇಳಿದಾಗ ನೋಡಿಲ್ಲ ಎಂದೆ. ಆಮೇಲೆ ಅರವತ್ತು ವರ್ಷ ಬಾಯಿ ಬಿಡಲಿಲ್ಲ.

ನಾನು ಕೆಂಪಮ್ಮ. ಇರುವುದು ಬಸವೇಶ್ವರನಗರದಲ್ಲಿ, ಮಗನ ಮನೆಯಲ್ಲಿ. ಇಸ್ಕೂಲು ಕಂಡದ್ದು ಎರಡನೇ ಕ್ಲಾಸಿನ ತನಕ. ಮಿಕ್ಕ ಅಕ್ಷರವೆಲ್ಲ ಬಸ್ಸಿನ ಬೋರ್ಡು ಓದಿ ಕಲಿತದ್ದು. ಇದರಲ್ಲಿ ಒತ್ತು, ದೀರ್ಘ ತಿದ್ದಿದವಳು ಮೊಮ್ಮಗಳು ಸ್ಫೂರ್ತಿ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಇಷ್ಟು ವರ್ಷ ಒಳಗೆ ಇಟ್ಟುಕೊಂಡದ್ದು ಹೊರಗೆ ಬಂದದ್ದು ಒಂದು ಆಟದಿಂದ. ಸ್ಫೂರ್ತಿ ಕಾಲೇಜು ಹುಡುಗಿ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಹಾಲಿನಲ್ಲಿ ಚಾಪೆ ಹಾಸಿಕೊಂಡು ಅವಳು, ಅವಳ ಗೆಳತಿ ಲಾವಣ್ಯ, ಮೇಲಿನ ಪೋರ್ಷನ್ನಿಗೆ ಬಾಡಿಗೆಗೆ ಬಂದಿರುವ ನರ್ಸು ಮಹಾದೇವಿ, ಮೂವರೂ ಕೂರುತ್ತಾರೆ. ಸ್ಫೂರ್ತಿ ಒಂದು ಲೋಕವನ್ನೇ ಕಟ್ಟಿದ್ದಾಳೆ. ಚಾರ್ಟ್ ಶೀಟಿನ ಮೇಲೆ ಬೆಟ್ಟ, ಹೊಳೆ, ಕಾಡು ಬರೆದಿದ್ದಾಳೆ. ಅವಳು ಕಥೆ ಹೇಳುತ್ತಾ ಹೋಗಬೇಕು, ಮಿಕ್ಕವರು ಆ ಕಥೆಯೊಳಗಿನ ಮನುಷ್ಯರಾಗಿ ಏನು ಮಾಡುತ್ತೇವೆ ಎಂದು ಹೇಳಬೇಕು, ಇಪ್ಪತ್ತು ಮುಖದ ದಾಳ ಹಾಕಬೇಕು. ಗೆದ್ದರೆ ಮುಂದಕ್ಕೆ, ಸೋತರೆ ಏಟು.

ಕಾಡು ಬರೆದಾಯಿತು, ಕಾಡಿಗೆ ರಾಕ್ಷಸರು ಬೇಕು. ಫೋನಿನಲ್ಲಿ ಹುಡುಕಿ ಒಂದು ಪಟ್ಟಿ ತಂದಳು. ಬೆಂಕಿ ಉಗುಳುವ ಹಲ್ಲಿ, ಮೂರು ತಲೆಯ ನಾಯಿ, ಆನೆಯಷ್ಟು ದೊಡ್ಡ ಜೇಡ.

"ಇಷ್ಟು ದೊಡ್ಡ ಜೇಡ ಏನು ತಿನ್ನುತ್ತೆ?" ಎಂದೆ.

"ಮನುಷ್ಯರನ್ನ, ಅಜ್ಜಿ."

"ದಿನಕ್ಕೆ ಎಷ್ಟು ಜನ ಹೋಗ್ತಾರೆ ಆ ಕಾಡಿಗೆ?"

"ಯಾರೂ ಹೋಗಲ್ಲ. ಭಯ ಅಲ್ವಾ."

"ಹಂಗಾದ್ರೆ ಒಂದು ವಾರಕ್ಕೆ ಹಸಿದು ಸಾಯುತ್ತೆ. ತೆಗಿ ಅದನ್ನ."

ಲಾವಣ್ಯ ಚಾಪೆಯ ಮೇಲೆ ಬಿದ್ದು ನಕ್ಕಳು. "ನೀನೇ ಆರಿಸಿಕೊಡು ಹಂಗಾದ್ರೆ, ಕಾಡು ಪಕ್ಕದಲ್ಲೇ ಬೆಳೆದವಳಲ್ವಾ" ಎಂದು ಸ್ಫೂರ್ತಿ ಖಾಲಿ ಚೀಟಿಗಳನ್ನು ನನ್ನ ಮುಂದೆ ಹರಡಿದಳು. ಒಂದೊಂದು ಚೀಟಿಯಲ್ಲೂ ಎಲ್ಲಿರುತ್ತೆ, ಏನು ತಿನ್ನುತ್ತೆ, ತಪ್ಪಿಸಿಕೊಳ್ಳುವುದು ಹೇಗೆ ಎಂದು ಬರೆಯಬೇಕು.

ನನಗೂ ಹುರುಪು ಬಂತು, ಸುಳ್ಳು ಯಾಕೆ ಹೇಳಲಿ. ಕಟ್ಟೆಯ ನೀರಿನಲ್ಲಿ ಕಾಲು ಹಿಡಿದು ಎಳೆಯುವುದು ಒಂದು. ಬಂಡೆಯ ಮೇಲೆ ಕೊಳ್ಳಿ ಹಿಡಿದು ಓಡಾಡುವುದು ಒಂದು. ದಾರಿ ಕವಲು ಒಡೆಯುವ ಕಡೆ ದಾರಿ ತಪ್ಪಿಸುವುದು ಒಂದು. ದೆವ್ವ ಯಾವಾಗಲೂ ಮನುಷ್ಯ ಹೋಗುವ ಕಡೆ ಇರಬೇಕು ಕಣೆ, ಮನುಷ್ಯ ಹೋಗದ ಕಡೆ ಅದಕ್ಕೇನು ಕೆಲಸ ಎಂದೆ. ಅವಳು ಬರೆದುಕೊಂಡಳು. ಕೊನೆಗೆ ಚಾರ್ಟಿನ ಮೂಲೆಗೆ ಬೆರಳಿಟ್ಟು, "ಇಲ್ಲೊಂದು ಪೊದೆ ಇದೆ, ಇದಕ್ಕೆ?" ಎಂದಳು.

ನನ್ನ ಬಾಯಿಂದ ಬಂದೇಬಿಟ್ಟಿತು — ಸೀಗೆಮೆಳೆಯವಳು. ಹೆಸರು ಹಿಡಿದು ಕೂಗುತ್ತಾಳೆ, ಗುರುತಿನವರ ದನಿಯಲ್ಲೇ ಕೂಗುತ್ತಾಳೆ, ಓಗೊಟ್ಟವರು ಉಳಿಯುವುದಿಲ್ಲ. ತಪ್ಪಿಸಿಕೊಳ್ಳಲು ಒಂದೇ ದಾರಿ, ಕಿವಿ ಮುಚ್ಚಿಕೊಂಡು ಓಡಬೇಕು. ಹನ್ನೆರಡನೇ ವಯಸ್ಸಿನಲ್ಲಿ ಹೇಗೆ ಹೇಳಿದ್ದೆನೋ ಅದೇ ಮಾತು, ಅದೇ ದನಿ. ಒಂದು ಅಕ್ಷರ ಮರೆತಿರಲಿಲ್ಲ.

ಮುಂದಿನ ಭಾನುವಾರ ಆಟದಲ್ಲಿ ಅವರು ಆ ಮೆಳೆಯ ಹತ್ತಿರ ಬಂದರು. ಸ್ಫೂರ್ತಿ ಕೈ ಬಾಯಿಗೆ ಅಡ್ಡ ಹಿಡಿದು ಸಣ್ಣಗೆ ಕೂಗಿದಳು. ಲಾವಣ್ಯ, "ನಾನು ಓಡ್ತೀನಿ ಗುರು, ನಂಗ್ಯಾಕೆ" ಎಂದಳು. ಮಹಾದೇವಿ ದಾಳ ಹಾಕದೆ ಕೈಯಲ್ಲೇ ಹಿಡಿದುಕೊಂಡಳು. ಅವಳು ಬಾಗಲಕೋಟೆ ಕಡೆಯವಳು. ನನ್ನ ಕಡೆ ತಿರುಗಿ ಕೇಳಿದಳು, "ಅಜ್ಜಿ, ಖರೇನ ಯಾರರ ಬಿದ್ದು ಒದರಾಕತ್ತಿದ್ರ ಏನ್ಮಾಡೂದು?"



"ಅಕ್ಕ, ಹೋದ್ರೆ ಸಾಯ್ತೀರಾ. ಅಜ್ಜಿ ರೂಲು" ಎಂದಳು ಸ್ಫೂರ್ತಿ.

"ಸತ್ರ ಸಾಯ್ತೀನಿ ಬಿಡು. ಹೋಗಲಿಲ್ಲಂದ್ರ ನನಗ ನಿದ್ದಿ ಹತ್ತೂದಿಲ್ಲ" ಎಂದು ಮಹಾದೇವಿ ದಾಳ ಹಾಕಿದಳು. ಸೋತಳು. ಆಟದಲ್ಲಿ ಸತ್ತಳು. ನಗುತ್ತಾ ಎದ್ದು ಹೋಗಿ ಎಲ್ಲರಿಗೂ ಟೀ ಮಾಡಿದಳು.

ಟೀ ಲೋಟ ಕೆಳಗಿಟ್ಟು, ಕೂರ್ರೇ, ಒಂದು ಮಾತು ಹೇಳಬೇಕು ಎಂದೆ.

ಈಗ ಹೇಳುತ್ತೇನೆ. ನಮ್ಮ ಹಟ್ಟಿ ಮಾಗಡಿ ರಸ್ತೆಯಿಂದ ಒಳಗೆ, ಕಾಡಿನ ಅಂಚಿನಲ್ಲಿತ್ತು. ಹುಡುಗಿಯರು ಸೌದೆಗೆ ಹೋಗುತ್ತಿದ್ದೆವು, ಕಾಲಕ್ಕೆ ಸೀಗೆಕಾಯಿಗೂ ಹೋಗುತ್ತಿದ್ದೆವು. ಹಳ್ಳದ ಆಚೆ ಒಂದು ಮೆಳೆ — ಅಲ್ಲಿನ ಕಾಯಿ ದಪ್ಪ, ಕೊಂಬೆ ತಗ್ಗು. ಅದು ನನಗೊಬ್ಬಳಿಗೇ ಬೇಕಾಗಿತ್ತು. ಅದಕ್ಕೇ ಅಲ್ಲಿ ಒಂದು ದೆವ್ವ ಇಟ್ಟೆ.

ನಮ್ಮ ಕಡೆ ಒಂದು ಪದ್ಧತಿ. ಹೊತ್ತು ಇಳಿದ ಮೇಲೆ ಯಾರಾದರೂ ಹೆಸರು ಕೂಗಿದರೆ ಮೂರನೇ ಕೂಗಿನ ತನಕ ಓಗೊಡಬಾರದು. ದೆವ್ವ ಎರಡೇ ಸಲ ಕೂಗುವುದಂತೆ. ಮೂರನೇ ಸಲ ಕೂಗಿದರೆ ಮನುಷ್ಯರೇ, ಹೋಗಲೇಬೇಕು. ಇದು ಎಲ್ಲರಿಗೂ ಗೊತ್ತಿದ್ದದ್ದು. ಹೀಗಿದ್ದರೆ ಯಾರಾದರೂ ಧೈರ್ಯ ಮಾಡಿಯಾರು ಎಂದು ನಾನು ಒಂದು ಮಾತು ಸೇರಿಸಿದೆ — ಸೀಗೆಮೆಳೆಯವಳು ಹಾಗಲ್ಲ, ಅವಳು ಮೂರು ಸಲವೂ ಕೂಗುತ್ತಾಳೆ, ಹತ್ತು ಸಲವೂ ಕೂಗುತ್ತಾಳೆ. ಎಲ್ಲರೂ ನಂಬಿದರು. ನಂಜಿ ಒಬ್ಬಳು ನಂಬಲಿಲ್ಲ. "ಹೋಗೇ, ಮೂರರ ಮೇಲೆ ಯಾವ ದೆವ್ವ ಕೂಗುತ್ತೆ" ಎಂದು ನಕ್ಕಳು. ನಂಜಿ ನನ್ನ ಜೊತೆಯವಳು. ಒಂದೇ ಸಿಂಬಿಯನ್ನು ಸರದಿಯ ಮೇಲೆ ತಲೆಗಿಟ್ಟುಕೊಂಡು ಹೊರೆ ಹೊತ್ತವರು ನಾವು.

ಒಂದು ಸಂಜೆ ಅವಳ ಮೇಕೆಮರಿ ತಪ್ಪಿಸಿಕೊಂಡು ಮೆಳೆಯ ಕಡೆ ಹೋಯಿತು. ಅವಳು ಹಿಂದೆ ಹೋದಳು. ಕಲ್ಲು ಒಡೆಯುವವರು ಬಿಟ್ಟುಹೋದ ಗುಂಡಿಯೊಂದು ಅಲ್ಲಿತ್ತು, ಮೇಲೆಲ್ಲ ಬಳ್ಳಿ ಮುಚ್ಚಿತ್ತು. ಅದಕ್ಕೆ ಬಿದ್ದಳು.

ನಾವು ನಾಲ್ಕು ಜನ ಸೌದೆ ಹೊತ್ತು ಬರುತ್ತಿದ್ದೆವು. "ಕೆಂಪೀ..." ಎಂದು ಕೇಳಿಸಿತು. ಮತ್ತೆ ಕೇಳಿಸಿತು. ಮೂರನೇ ಸಲ ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ಆಗ ನಾನು, ನಂಜಿ ಕಣ್ರೇ ಅದು, ಎಂದಿದ್ದರೆ — ಅಷ್ಟೇ ಸಾಕಿತ್ತು. ಎನ್ನಲಿಲ್ಲ. ಅಂದಿದ್ದರೆ ಸುಳ್ಳು ಬಯಲಾಗುತ್ತಿತ್ತು, ಮೆಳೆ ಹೋಗುತ್ತಿತ್ತು, ಎಲ್ಲರೂ ಉಗಿಯುತ್ತಿದ್ದರು. "ನಾನು ಹೇಳಿರಲಿಲ್ವಾ" ಎಂದೆ. ಹೊರೆ ಎಸೆದು ಎಲ್ಲರಿಗಿಂತ ಮುಂದೆ ಓಡಿದೆ.

ದೀಪ ಹಚ್ಚುವ ಹೊತ್ತಿಗೆ ಅವಳ ತಾಯಿ ಬಾಗಿಲಿಗೆ ಬಂದು, "ನಮ್ಮ ನಂಜೀನ ಕಂಡ್ಯೇನವ್ವಾ?" ಎಂದರು. "ಇಲ್ಲ" ಎಂದೆ. ಒಳಗೆ ಹೋಗಿ ಮುದ್ದೆ ಉಂಡೆ. ಎರಡು ಮುದ್ದೆ.

ಬೆಳಿಗ್ಗೆ ದನ ಮೇಯಿಸಲು ಹೋದವರು ಅವಳನ್ನು ಎತ್ತಿ ತಂದರು. ಬಿದಿರು ದಬ್ಬೆ ಇಟ್ಟು ಕಾಲು ಕಟ್ಟಿದರು. ಕಾಲು ನೆಟ್ಟಗೆ ಕೂಡಲಿಲ್ಲ. ಕಾಲಾದರೂ ಹೋಗಲಿ ಎನ್ನಿ, ಸೀಗೆಮೆಳೆಯವಳು ಮೆಟ್ಟಿಕೊಂಡ ಹುಡುಗಿ ಎಂದು ಊರು ಆಡಿತು. ನೋಡಲು ಬಂದ ಗಂಡುಗಳು ಈ ಮಾತು ಕೇಳಿ ಹಿಂದಕ್ಕೆ ಹೋದರು. ಒಂದು ಸಲ ಬಂದವರು ನಮ್ಮ ಜಗಲಿಯಲ್ಲೇ ಕೂತು ನೀರು ಕುಡಿದು ವಿಚಾರಿಸಿದರು. ಆಗ ನನಗೆ ಹದಿನೇಳು. ಆವಾಗಲೂ ಹೇಳಲಿಲ್ಲ.

ಚಿಕ್ಕ ಹುಡುಗಿ, ತಿಳಿಯದೆ ಮಾಡಿದೆ ಎನ್ನುತ್ತೀರಿ. ಮಗನೂ ಹಾಗೇ ಅಂದ. ಅನ್ನಬೇಡಿ. ಹನ್ನೆರಡಕ್ಕೆ ತಿಳಿಯಲಿಲ್ಲ, ಹದಿನೇಳಕ್ಕೆ? ಮೂವತ್ತಕ್ಕೆ, ಐವತ್ತಕ್ಕೆ? ನಂಜಿ ಈಗ ಕೆಂಗೇರಿಯಲ್ಲಿ ಅಣ್ಣನ ಮಗನ ಮನೆಯಲ್ಲಿ ಹೂ ಕಟ್ಟಿಕೊಂಡು ಇದ್ದಾಳೆ. ಪ್ರತಿ ವರ್ಷ ಯುಗಾದಿ ಮಾರನೇ ದಿನ ನಾನು ಕ್ಯಾರಿಯರ್‌ನಲ್ಲಿ ಬಾಡಿನ ಸಾರು ತೆಗೆದುಕೊಂಡು ಹೋಗುತ್ತೇನೆ. "ಎಲ್ಲಾರೂ ಮರೆತರು, ಕೆಂಪಿ ಒಬ್ಬಳು ಮರೀಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಆ ಹೊಗಳಿಕೆಯನ್ನು ನಾನು ಕೂತು ಕೇಳಿದ್ದೇನೆ. ವರ್ಷಾ ವರ್ಷ ಕೇಳಿದ್ದೇನೆ.

ಹುಡುಗಿಯರ ಮುಂದೆ ಎಲ್ಲ ಹೇಳಿ, ಆ ಚೀಟಿ ಹರಿ ಎಂದೆ. ಸ್ಫೂರ್ತಿ ಹರಿದಳು. ಆಮೇಲೆ, "ಮೆಳೆ ಖಾಲಿ ಬಿಡ್ಲಾ ಅಜ್ಜಿ?" ಎಂದಳು.

"ಬೇಡ. ಬೇರೆ ಬರಿ. ಹೆಸರು ಕೆಂಪಿ. ಎಲ್ಲಿರುತ್ತೆ — ಕಾಡಲ್ಲಿ ಅಲ್ಲ, ಜೊತೆಯಲ್ಲೇ ಬರುತ್ತೆ, ತಲೆ ಮೇಲೆ ಸೌದೆ ಹೊತ್ಕೊಂಡು. ಏನು ತಿನ್ನುತ್ತೆ — ಮುದ್ದೆ. ಕೂಗು ಕೇಳುತ್ತೆ, ಯಾರು ಅಂತ ಗುರುತು ಹಿಡಿಯುತ್ತೆ, ಕೇಳಿಲ್ಲ ಅನ್ನುತ್ತೆ."

"ತಪ್ಪಿಸಿಕೊಳ್ಳೋದು ಹೇಗೆ ಅಂತ ಬರೀಲಿ?"

"ನಂಗೆ ಗೊತ್ತಿಲ್ಲ. ಖಾಲಿ ಬಿಡು."

ನಂಜಿಗೆ ಹೇಳಿ ಬರುತ್ತೇನೆ ಎಂದಾಗ ಮಗ ಅಡ್ಡ ಬಂದ. "ಅಷ್ಟು ವರ್ಷ ಆಯ್ತಲ್ಲಮ್ಮ, ಈಗ ಯಾಕೆ? ಇಬ್ಬರಿಗೂ ವಯಸ್ಸಾಗಿದೆ. ಅವರನ್ನ ಅವರ ಪಾಡಿಗೆ ಬಿಡು."

"ಪಾಡಿಗೆ ಬಿಟ್ಟೇ ಅವಳು ರಾತ್ರಿಯೆಲ್ಲ ಆ ಗುಂಡಿಲಿ ಬಿದ್ದಿದ್ದು" ಎಂದೆ. ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಒಬ್ಬಳೇ ಹೋದೆ. ಈ ಸಲ ಕ್ಯಾರಿಯರ್ ಒಯ್ಯಲಿಲ್ಲ.

ನಂಜಿ ಕಾಲು ಚಾಚಿಕೊಂಡು ಕನಕಾಂಬರ ಕಟ್ಟುತ್ತಿದ್ದಳು. ನಿಂತೇ ಹೇಳಿದೆ. ದೆವ್ವ ಮಾಡಿದ್ದು ನಾನು, ನಿನ್ನ ದನಿ ಗುರುತು ಹಿಡಿದಿದ್ದೆ, ನಿಮ್ಮವ್ವನಿಗೆ ಇಲ್ಲ ಎಂದೆ. ಅಳಲಿಲ್ಲ ನಾನು. ಅಳಲು ನನಗೆ ಏನು ಹಕ್ಕಿದೆ.

ಅವಳ ಕೈ ನಿಲ್ಲಲಿಲ್ಲ. ಒಂದು ಮಾರು ಹೂ ಮುಗಿಯುವ ತನಕ ಕಟ್ಟಿದಳು. ಆಮೇಲೆ ತಲೆ ಎತ್ತದೆ ಹೇಳಿದಳು:

"ಮೂರು ಸಲ ಕೂಗಿದ್ನಲ್ಲೇ. ಮೂರು ಆದ್ಮೇಲೆ ಯಾರಾದ್ರೂ ಬಂದೇ ಬರ್ತಾರೆ ಅಂತ ಸುಮ್ನೆ ಕಾಯ್ಕಂಡು ಕೂತಿದ್ದೆ."

ದಾರ ಕಡಿದು ಹೂವನ್ನು ಬುಟ್ಟಿಗೆ ಹಾಕಿದಳು.

"ಹೋಗು. ಇನ್ಮೇಲೆ ಬರಬ್ಯಾಡ" ಎಂದಳು.

ಬಂದೆ. ಕಾಲು ಹಿಡಿಯಲಿಲ್ಲ, ಕ್ಷಮಿಸು ಎನ್ನಲಿಲ್ಲ. ಕ್ಷಮೆ ಕೇಳಿದ್ದರೆ ಕೊಡುವ ಕಷ್ಟವೂ ಅವಳ ಮೇಲೇ ಬೀಳುತ್ತಿತ್ತು. ಹೇಳಿದ್ದು ತಪ್ಪು ಎಂದು ಮಗ ಇನ್ನೂ ಅನ್ನುತ್ತಾನೆ. ಅನ್ನಲಿ. ಅವಳ ಸಿಟ್ಟು ಅವಳದು, ಅರವತ್ತು ವರ್ಷ ಅದನ್ನೂ ನಾನೇ ಬಚ್ಚಿಟ್ಟಿದ್ದೆ. ಈಗ ಕೊಟ್ಟಿದ್ದೇನೆ.

ಈಗ ಬಾಗಿಲಲ್ಲಿ ಯಾರು ಕೂಗಿದರೂ — ತರಕಾರಿಯವನೋ, ಅಡ್ರೆಸ್ ತಪ್ಪಿದ ಡೆಲಿವರಿಯವನೋ, ಹೊತ್ತು ಮುಳುಗಿದ್ದರೂ ಸರಿಯೇ — ಮೊದಲನೇ ಕೂಗಿಗೇ ಎದ್ದು ಹೋಗುತ್ತೇನೆ. ಮಂಡಿ ನೋವಿಟ್ಟುಕೊಂಡು ಯಾಕೆ ಓಡ್ತೀರಿ ಎಂದು ಸೊಸೆ ಬೈಯುತ್ತಾಳೆ. ಕೆಂಗೇರಿಯಿಂದ ಇನ್ನೂ ಕೂಗು ಬಂದಿಲ್ಲ. ಕೂಗು ಎಂದು ಕೇಳುವ ಬಾಯಿ ನನಗಿಲ್ಲ. ಕಿವಿ ಇದೆ.