ತಟ್ಟೆ ಬಿದ್ದ ಮೇಲೆ

ಲೈಟ್ ಹೋದದ್ದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಮೇ ತಿಂಗಳ ಎರಡನೇ ಭಾನುವಾರ. ಹೊರಗೆ ಬಿಸಿಲು ಇನ್ನೂ ಕಣ್ಣು ಕುಕ್ಕುತ್ತಿತ್ತು. ಭಿವಂಡಿಯ ಆ ತಗಡಿನ ಗೋದಾಮಿನೊಳಗೆ ಮಾತ್ರ ಒಮ್ಮೆಗೇ ಕತ್ತಲಾಯಿತು.

ಕಲ್ಯಾಣ, ಠಾಕುರ್ಲಿ, ಭಿವಂಡಿ ಕಡೆ ಬೆಳೆದ ನನ್ನ ವಯಸ್ಸಿನವರು ಆ ವರ್ಷಗಳ ಲೋಡ್ ಶೆಡ್ಡಿಂಗ್ ಮರೆತಿರಲಾರರು. ಫ್ಯಾನ್ ನಿಂತ ಕೂಡಲೇ ಬಿಲ್ಡಿಂಗಿನ ಮಕ್ಕಳೆಲ್ಲ ಕೆಳಗಿಳಿಯುತ್ತಿದ್ದೆವು. ಲಗೋರಿ, ಡಬ್ಬಾ ಐಸ್‌ಪೈಸ್ ಎಂಬ ಕಣ್ಣಾಮುಚ್ಚಾಲೆ, ಉಪ್ಪುಖಾರ ಹಚ್ಚಿದ ಮಾವಿನ ಕೈರಿ. ಕರೆಂಟ್ ಹೋಗುವುದೆಂದರೆ ನಮಗೆ ರಜೆಯೊಳಗೊಂದು ರಜೆ. ಆ ಭಾನುವಾರದ ನಂತರ ನನಗೆ ಹಾಗೆ ಅನಿಸಿದ್ದಿಲ್ಲ. ಈಗಲೂ ಎಲ್ಲಾದರೂ ದೀಪ ಮಿಣುಕಿದರೆ ಮೊದಲು ಗಡಿಯಾರ ನೋಡುತ್ತೇನೆ, ಆಮೇಲೆ ಬಾಗಿಲು ಯಾವ ಕಡೆ ಇದೆ ಎಂದು ನೋಡುತ್ತೇನೆ.

ನಮ್ಮದು ಠಾಕುರ್ಲಿಯ ನಾಲ್ಕು ಮಾಳಿಗೆಯ ಬಿಲ್ಡಿಂಗು. ಅಪ್ಪ ಡೊಂಬಿವಲಿ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಹೋಟೆಲಿನ ಇಂಗು ಮಾತ್ರ ನಮ್ಮ ಮನೆಯಲ್ಲಿರುತ್ತಿತ್ತು. ಹೋಟೆಲಿನ ಅಡುಗೆಮನೆಯಲ್ಲಿಟ್ಟರೆ ಅದಕ್ಕೆ ಕಾಲು ಬರುತ್ತದೆ ಎನ್ನುತ್ತಿದ್ದರು ಅಪ್ಪ. ಕಲ್ಲಿನಂಥ ಆ ಗಟ್ಟಿಗಳನ್ನು ಕುಟ್ಟಿ ಪುಡಿ ಮಾಡುವುದು ರಜೆಯಲ್ಲಿ ನನ್ನ ಕೆಲಸ. ಎಷ್ಟು ಸಾಬೂನು ಹಚ್ಚಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗರು ನನ್ನನ್ನು 'ಹಿಂಗ್‌ವಾಲಿ' ಎನ್ನುತ್ತಿದ್ದರು. ನನಗೋ, ಬೇರೆಯವರ ಮೂಗಿಗೆ ಏನೋ ಆಗಿದೆ ಅನಿಸುತ್ತಿತ್ತು. ನನಗೇನೂ ವಾಸನೆ ಬರುತ್ತಿರಲಿಲ್ಲವಲ್ಲ.

ಕೆಳಗಿನ ಮಾಳಿಗೆಯಲ್ಲಿ ಈರಪ್ಪ ಕಾಕಾ ಒಬ್ಬರೇ ಇದ್ದರು. ಬೆಳಗಾವಿ ಕಡೆಯವರು, ಸೈನ್ಯದಲ್ಲಿ ನಾಯಿಗಳ ಜೊತೆ ಕೆಲಸ ಮಾಡಿ ಹವಾಲ್ದಾರರಾಗಿ ನಿವೃತ್ತರಾದವರು. ಗೋದಾಮುಗಳ ಕಾವಲಿಗೆ ನಾಯಿ ಆರಿಸಿಕೊಡುವುದು ಅವರ ಈಗಿನ ಕಸುಬು. ಜನ ತಂದುಕೊಡುತ್ತಿದ್ದ ನಾಯಿ, ಬೀದಿಯ ನಾಯಿ, ಎಲ್ಲಕ್ಕೂ ನಮ್ಮ ಕಾಂಪೌಂಡಿನಲ್ಲೇ ಪರೀಕ್ಷೆ. ಹಾಲ್ ಟಿಕೆಟ್ ಒಂದು ಇರುತ್ತಿರಲಿಲ್ಲ ಅಷ್ಟೇ.

ಮೊದಲು ಕಾಕಾ ನಾಯಿಗೆ ಬೆನ್ನು ಹಾಕಿ ನೆಲದ ಮೇಲೆ ಕೂರುತ್ತಿದ್ದರು. ಕರೆಯುತ್ತಿರಲಿಲ್ಲ, ಚಿಟಿಕೆ ಹೊಡೆಯುತ್ತಿರಲಿಲ್ಲ. ಅದಾಗಿಯೇ ಬಂದು ಮೂಸಬೇಕು. ಆಮೇಲೆ ಒಂದು ಚೆಂಡನ್ನು ಮುರುಕು ಮಂಚದಡಿಗೆ ಉರುಳಿಸಿ, ಅದಕ್ಕಾಗಿ ಎಷ್ಟು ಹೊತ್ತು ಕೆರೆಯುತ್ತದೆ ಎಂದು ನೋಡುತ್ತಿದ್ದರು. ಕೊನೆಗೆ ನಾಯಿ ಬೇರೆ ಯಾವುದೋ ಕಡೆ ನೋಡುತ್ತಿರುವಾಗ ಎದೆಯೆತ್ತರದಿಂದ ದೊಡ್ಡ ಸ್ಟೀಲ್ ತಟ್ಟೆ ಬೀಳಿಸುತ್ತಿದ್ದರು. ಠಣ್ಣೆಂದು ಇಡೀ ಬಿಲ್ಡಿಂಗ್ ಬೆಚ್ಚುತ್ತಿತ್ತು. ಮೂರನೇ ಮಾಳಿಗೆಯಿಂದ ಯಾರಾದರೂ ಮರಾಠಿಯಲ್ಲಿ ಬೈಯುತ್ತಿದ್ದರು. ಕಾಕಾ ತಲೆ ಎತ್ತದೆ ಕೈಯಲ್ಲಿನ ಸ್ಟಾಪ್‌ವಾಚ್ ಒತ್ತುತ್ತಿದ್ದರು.

ಬೆಚ್ಚದ ನಾಯಿಯೇ ಪಾಸು ಎಂದು ನಾನು ತಿಳಿದಿದ್ದೆ.

"ಬೆಚ್ಚಲಿಲ್ಲ ಅಂದ್ರ ಅದಕ್ಕ ಕಿವಿ ಇಲ್ಲ, ಇಲ್ಲಾ ತಲಿ ಇಲ್ಲ," ಎಂದಿದ್ದರು ಕಾಕಾ. "ಓಡ್ಲಿ ತಂಗಿ. ಎಷ್ಟ್ ದೂರ ಓಡಿತು ಅದು ಬ್ಯಾರೆ ಮಾತು. ತಟ್ಟಿ ಹಂತ್ಯಾಕ ಹೊಳ್ಳಿ ಯಾವಾಗ ಬಂತು, ಅದನ್ನ ನೋಡಬೇಕು."

ಒಮ್ಮೆ ಎದುರಿನ ಹೌಸಿಂಗ್ ಸೊಸೈಟಿಯ ಬ್ಯಾಂಕ್ ಮ್ಯಾನೇಜರರು ತಮ್ಮ ಜರ್ಮನ್ ಶೆಫರ್ಡ್ ತಂದರು. ಬಾಚಿದ ಕೂದಲು, ಚರ್ಮದ ಪಟ್ಟಿ, ಎದೆ ಸೆಟೆದ ನಿಲುವು. ತಟ್ಟೆ ಬಿದ್ದದ್ದೇ ಸ್ಕೂಟರಿನ ಹಿಂದೆ ಹೋಗಿ ಕೂತಿತು. ಬಿಸ್ಕೀಟು ತೋರಿಸಿದರೂ ಬರಲಿಲ್ಲ, ಮ್ಯಾನೇಜರರು ಮೊಣಕಾಲೂರಿ ಕರೆದರೂ ಬರಲಿಲ್ಲ.

"ನಾಯಿ ಭಾಳ ಛಂದ ಐತ್ರಿ ಸಾಹೇಬ್ರ," ಎಂದರು ಕಾಕಾ. "ಫೋಟೋ ತಗಸ್ರಿ."

ಅವರ ನೋಟ್‌ಬುಕ್ಕಿನಲ್ಲಿ ಪ್ರತಿ ನಾಯಿಗೂ ಒಂದು ಸಾಲು. ಹೆಸರು, 'ಓಡಿತು', 'ಬಂತು', ನಡುವೆ ಎಷ್ಟು ಸೆಕೆಂಡು. ಬಾರದವುಗಳ ಮುಂದೆ 'ಮನಿಗೆ ಛಲೋ' ಎಂದು ಬರೆಯುತ್ತಿದ್ದರು. ಒಂದು ನಾಯಿಯ ಮುಂದೂ 'ಫೇಲ್' ಎಂದು ಬರೆದದ್ದು ನಾನು ಕಾಣೆ.

ಬನ್ಸ್ ನನ್ನ ನಾಯಿ. ಅಂದರೆ, ಮೆಟ್ಟಿಲ ಕೆಳಗೆ ಹುಟ್ಟಿ ನನ್ನ ಕೈಯಲ್ಲಿ ತಿಂದು ಬೆಳೆದದ್ದು. ಮರಿಯಾಗಿದ್ದಾಗ ಬಾಳೆಹಣ್ಣಿನ ಬನ್ಸಿನ ಹಾಗೆ ಕಂದಾಗಿ ಉಬ್ಬಿಕೊಂಡಿದ್ದಕ್ಕೆ ಆ ಹೆಸರು. ಅಪ್ಪ ತರುತ್ತಿದ್ದ ಉಳಿದ ಇಡ್ಲಿಯನ್ನು ಸಾಂಬಾರಿನಲ್ಲಿ ಕಿವುಚಿ ದಿನಾ ಮಧ್ಯಾಹ್ನ ನಾನೇ ಹಾಕುತ್ತಿದ್ದೆ. ಆ ಏಪ್ರಿಲಿನಲ್ಲಿ ಒಂದು ದಿನ ಶಾಲೆಯಿಂದ ಬಂದಾಗ ಕಾಕಾ ಹೇಳಿದರು: "ನಿನ್ನ ಬನ್ಸಿಗೂ ತಟ್ಟಿ ಒಗದೆ. ಗೇಟಿನ ತನಕಾ ಓಡಿ, ಹೊಳ್ಳಿ ಬಂದು ತಟ್ಟಿ ನೆಕ್ಕಿತು." ಅವರ ಮುಖದಲ್ಲಿ ಅಂಥ ಸಂತೋಷ ನಾನು ಅಪರೂಪಕ್ಕೆ ಕಂಡದ್ದು. ಭಿವಂಡಿಯ ಕಿರಾಣಿ ಗೋದಾಮಿಗೆ ಒಂದು ನಾಯಿ ಬೇಕಿತ್ತಂತೆ. ಕೊನೆಯ ಪರೀಕ್ಷೆ ಒಂದೇ ಬಾಕಿ, ಅಡಗಿದ ಮನುಷ್ಯನನ್ನು ಹುಡುಕುವುದು. ಮೊದಲು ಗುರುತಿನವರನ್ನು, ಆಮೇಲೆ ಗುರುತಿಲ್ಲದವರನ್ನು.

"ನಾನೇ ಅಡಗ್ತೇನೆ," ಎಂದೆ. ಕಾಕಾ ಖುಷಿಯಿಂದ ಒಪ್ಪಿದರು. ಬನ್ಸ್ ಹುಡುಕಲಾರದ ಜಾಗದಲ್ಲಿ ಅಡಗಬೇಕು, ಅದು 'ಮನಿಗೆ ಛಲೋ' ಆಗಬೇಕು, ಮೆಟ್ಟಿಲ ಕೆಳಗೇ ಉಳಿಯಬೇಕು. ನನ್ನ ಲೆಕ್ಕ ಇಷ್ಟೇ ಇತ್ತು.

ಅಮ್ಮನಿಗೆ ಮನಸ್ಸಿರಲಿಲ್ಲ. "ಎಂತ ಮಾರಾಯ್ತಿ, ಹೆಣ್ಣುಮಕ್ಕಳು ಗೋದಾಮಿಗೆ ಹೋಗಿ ನಾಯಿಯೊಟ್ಟಿಗೆ ಅಡಗುವುದುಂಟಾ?" ಎಂದಳು. ಆಮೇಲೆ ಸಂಜೆಯೊಳಗೆ ಬರಬೇಕೆಂದು ಬಿಟ್ಟಳು.

ಭಾನುವಾರವಾದ್ದರಿಂದ ಗೋದಾಮಿನಲ್ಲಿ ವಾಚ್‌ಮನ್ ಒಬ್ಬನೇ ಇದ್ದ. ಬೇಳೆ, ಕಡಲೆಯ ಮೂಟೆಗಳು ಒಂದರ ಮೇಲೊಂದು ಸೂರಿನ ತನಕ ಪೇರಿಸಿದ್ದವು. ಕಾಕಾ ನನ್ನನ್ನು ಬಾಗಿಲ ಹತ್ತಿರದ ತೂಕದ ಕಾಟಾದ ಹಿಂದೆ ಕೂರಿಸಿ, "ಇಲ್ಲಿಂದ ಅಲ್ಲಾಡಬಾರದು. ಐದು ನಿಮಿಷ ಬಿಟ್ಟು ಕರಕೊಂಡು ಬರ್ತೀನಿ," ಎಂದು ಹೊರಗೆ ಹೋದರು.

ಒಳಗೆ ಬರುವಾಗಲೇ ನಾನು ನೋಡಿಟ್ಟುಕೊಂಡಿದ್ದೆ. ಹಿಂದಿನ ಗೋಡೆಯ ಮೂಲೆಯಲ್ಲಿ ಇಂಗಿನ ರಟ್ಟಿನ ಪೆಟ್ಟಿಗೆಗಳಿದ್ದವು. ನಮ್ಮ ಮನೆಯಲ್ಲಿ ಡಬ್ಬಿಯೊಳಗೆ ಡಬ್ಬಿ ಇಟ್ಟರೂ ಇಂಗು ಪಾಯಸಕ್ಕೆ ಹತ್ತುತ್ತಿತ್ತು. ಇಂಗಿನ ಮುಂದೆ ಯಾವ ವಾಸನೆ ನಿಲ್ಲುತ್ತದೆ? ಬನ್ಸಿನ ಮೂಗು ಅಲ್ಲಿ ಕೆಲಸಕ್ಕೆ ಬರದು ಎಂದು ನನಗೆ ಖಾತ್ರಿಯಿತ್ತು. ಓಡಿದೆ. ಅರ್ಧ ದಾರಿಯಲ್ಲಿ ಲೈಟ್ ಹೋಯಿತು.

ಹಿಂದಿರುಗಬಹುದಿತ್ತು. ಬಾಗಿಲ ಬೆಳಕು ಕಾಣುತ್ತಲೇ ಇತ್ತು. ಈ ಒಂದು ಕ್ಷಣವನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ನಾನು ತಡವರಿಸುತ್ತ ಮುಂದೆಯೇ ಹೋದೆ. ಪೆಟ್ಟಿಗೆಗಳ ಹಿಂದೆ ಇಳಿಯಲು ಮೂಟೆಗಳನ್ನು ಹತ್ತಿದೆ. ತಳದ ಮೂಟೆಯನ್ನು ಇಲಿ ಕಡಿದಿತ್ತು. ಕಾಲಡಿಯಲ್ಲಿ ಕಡಲೆ ಸರಸರ ಹರಿಯಿತು. ಬೀಳದಿರಲು ಮೇಲಿನ ಮೂಟೆಯ ಕಿವಿ ಹಿಡಿದು ಜಗ್ಗಿದೆ.

ದೊಡ್ಡ ಸದ್ದಾಗಲಿಲ್ಲ, ಮೊದಲಿಗೆ. ಯಾರೋ ನಿಟ್ಟುಸಿರು ಬಿಟ್ಟ ಹಾಗೆ ಆಯಿತು. ಆಮೇಲೆ ಒಂದಾದ ಮೇಲೊಂದು ದಬದಬ ಬಿದ್ದವು.

ಕಣ್ಣು ಬಿಟ್ಟಾಗ ಗೋಡೆಗೂ ಮೂಟೆಗಳಿಗೂ ನಡುವೆ, ಒಂದು ಬೀರುವಿನಷ್ಟು ಜಾಗದಲ್ಲಿದ್ದೆ. ಪೆಟ್ಟಿಗೆಗಳು ಅಡ್ಡ ನಿಂತು ಮೂಟೆಗಳನ್ನು ತಡೆದಿದ್ದವು. ಎಡಗಾಲು ಸಿಕ್ಕಿಕೊಂಡಿತ್ತು. ಒಡೆದ ಪೆಟ್ಟಿಗೆಯಿಂದ ಇಂಗಿನ ಪುಡಿ ಮುಖದ ಮೇಲೆ ಉದುರುತ್ತಿತ್ತು. ಕೂಗಲು ಬಾಯಿ ತೆರೆದರೆ ಪುಡಿಯೇ ಒಳಗೆ ಹೋಯಿತು. ದನಿ ಹೊರಡಲಿಲ್ಲ. ನಾನು ಎಲ್ಲಿದ್ದೇನೆಂದು ಯಾರಿಗೂ ಗೊತ್ತಿಲ್ಲ, ಹಾಗೆ ನಾನೇ ಮಾಡಿಕೊಂಡಿದ್ದೇನೆ ಎಂದು ಆಗ ಹೊಳೆಯಿತು.

"ಬಚ್ಚಿ ಕಿಧರ್ ಗಯೀ?" ವಾಚ್‌ಮನ್ ಕಾಟಾದ ಹತ್ತಿರ ನನ್ನನ್ನು ಹುಡುಕುತ್ತ ಕೂಗುತ್ತಿದ್ದ. ಕಾಕಾ "ಸುಧಾ, ಸುಧಾ" ಎಂದು ಕರೆದರು. ಮತ್ತೆ ವಾಚ್‌ಮನ್: "ಕುತ್ತಾ ಭೀ ಭಾಗ್ ಗಯಾ."

ಬನ್ಸ್ ಓಡಿಹೋಯಿತು. ಮೂಟೆ ಬಿದ್ದದ್ದಕ್ಕಿಂತ ಆ ಮಾತು ನನಗೆ ಭಾರವಾಯಿತು. ವಾಚ್‌ಮನ್ ನಾಯಿಯನ್ನು ಕರೆಯಲು ಸೀಟಿ ಹೊಡೆದ.

"ಚುಪ್," ಎಂದು ತಡೆದರು ಕಾಕಾ. "ಬುಲಾನಾ ಮತ್."

ಆಮೇಲೆ ಏನೂ ಕೇಳಿಸಲಿಲ್ಲ. ಕಡಲೆ ಉದುರುವ ಸದ್ದು ಮಾತ್ರ. ಆ ಮೌನದಲ್ಲಿ ನಾನು ಈಗಲೂ ಒಮ್ಮೊಮ್ಮೆ ಇರುತ್ತೇನೆ, ಟ್ರೇನಿನಲ್ಲಿ ನಿಂತಿರುವಾಗ, ಲಿಫ್ಟಿನ ಬಾಗಿಲು ಮುಚ್ಚುವಾಗ.

ಮೂಗು ಮೊದಲು ಬಂತು. ಎರಡು ಮೂಟೆಗಳ ಸಂದಿನಲ್ಲಿ ಒದ್ದೆಯಾದ ಉಸಿರು, ಸೀನು, ಮತ್ತೆ ಉಸಿರು. ಕೆರೆಯುವ ಸದ್ದು. ಆಮೇಲೆ ಬೊಗಳಿತು, ನಿಲ್ಲಿಸದೆ ಬೊಗಳಿತು.

"ಅಲ್ಲೇ ಇರು ನಮ್ಮವ್ವ. ಮೂಗಿಗೆ ಅಂಗಿ ಹಿಡಿ," ಕಾಕಾರ ದನಿ ಹತ್ತಿರ ಬಂತು. ವಾಚ್‌ಮನ್ ಕೆಳಗಿನ ಮೂಟೆ ಎಳೆಯಹೋದಾಗ ಅವನ ಕೈಗೆ ಹೊಡೆದರಂತೆ. ಮೇಲಿಂದ ಒಂದೊಂದಾಗಿ ತೆಗೆಸಿದರು. ಬೆಳಕು ಕಂಡಾಗ ಮೊದಲು ಕಂಡದ್ದು ಬನ್ಸಿನ ಮುಖ, ಇಂಗಿನ ಪುಡಿ ಮೆತ್ತಿ ಹಳದಿಯಾಗಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಎಡಗಾಲ ಪಾದದ ಕೀಲಿನ ಹತ್ತಿರ ಎಲುಬು ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಅಮ್ಮ ಕಾಕಾಗೆ ಒಂದೇ ಮಾತು ಹೇಳಿದಳು: "ನಿಮ್ಮ ನಾಯಿ ಪರೀಕ್ಷೆಗೆ ನನ್ನ ಮಗಳೇ ಸಿಕ್ಕಿದ್ದಾ?"

ಮರುದಿನದಿಂದ ಕಾಕಾ ಎರಡನೇ ಮಾಳಿಗೆಗೆ ಬಂದು, ನಮ್ಮ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಮನೆಗೆ ಬೆನ್ನು ಹಾಕಿ ಕೂರತೊಡಗಿದರು. ಬೆಲ್ ಒತ್ತಲಿಲ್ಲ, ಕರೆಯಲಿಲ್ಲ. ಎರಡು ದಿನ ಅಮ್ಮ ಬಾಗಿಲು ತೆರೆಯಲಿಲ್ಲ. ಮೂರನೇ ದಿನ ಒಂದು ಲೋಟ ಚಹಾ ತಂದು ಅವರ ಪಕ್ಕ ಕುಕ್ಕಿ, "ಸಕ್ಕರೆ ಕಮ್ಮಿ ಉಂಟು," ಎಂದಳು.

ಅವತ್ತು ನಾನು ಅವರಿಗೆ ಎಲ್ಲ ಹೇಳಿದೆ. ಬನ್ಸ್ ಸೋಲಲಿ ಎಂದೇ ಜಾಗ ಬದಲಿಸಿದ್ದನ್ನು, ಇಂಗಿನ ಉಪಾಯವನ್ನು. ಕಾಕಾ ನಗಲಿಲ್ಲ, ಬೈಯಲಿಲ್ಲ.

"ಬ್ಯಾರೆ ನಾಯಿ ಆಗಿದ್ರ ಆ ಘಾಟಿಗೆ ಸೀನಿ ಹೊರಗ ಹೋಗ್ತಿತ್ತು. ಇದಕ್ಕ ಇಂಗು ಅಂದ್ರ ನೀನ, ತಂಗಿ. ಹುಟ್ಟಿದಾಗಿಂದ ನಿನ್ನ ಕೈಯಾಗಿನ ವಾಸನಿ ಅದು. ನೀ ಅಡಗಲಿಲ್ಲ, ನಿನ್ನ ಹೆಸರು ಕೂಗಿದಂಗಾತು." ಚಹಾದ ಲೋಟ ಕೆಳಗಿಟ್ಟು ಹೇಳಿದರು: "ತಪ್ಪು ನಂದು. ನಾಯಿನ್ನ ನೋಡಿದೆ, ಅಡಗಾಕಿನ್ನ ನೋಡಲಿಲ್ಲ. ನಿನ್ನ ಮಾರಿ ಮ್ಯಾಲ ಬರದಿತ್ತು, ಅದು ಹೋಗೂದು ನಿನಗ ಬ್ಯಾಡ ಅಂತ."

"ಅದು ಓಡಿಹೋಗಿತ್ತಲ್ಲ ಕಾಕಾ?"

"ಹೂಂ. ಚೀಲ ಬಿದ್ದ ಸಪ್ಪಳಕ್ಕ ಗೇಟು ದಾಟಿ ಓಡಿತು. ಎಂಬತ್ತು ಸೆಕೆಂಡಿಗೆ ಬಂತು." ಪರೀಕ್ಷೆಗೆಂದು ಒತ್ತಿದ್ದ ವಾಚ್ ಅವರ ಕೈಯಲ್ಲಿ ಓಡುತ್ತಲೇ ಇತ್ತಂತೆ. "ಕರದಿದ್ರ ಬರ್ತಿತ್ತು, ಖರೆ. ಆದ್ರ ನನ್ನ ಕಾಲಾಗ ಬಂದು ಕೂಡ್ತಿತ್ತು. ಹುಡುಕ್ತಿರಲಿಲ್ಲ. ಅದಕ್ಕ ಕರೀಲಿಲ್ಲ. ಇಪ್ಪತ್ತು ವರ್ಷದ ನೌಕರಿಯಾಗ ಅಷ್ಟು ಉದ್ದನ್ನ ಎಂಬತ್ತು ಸೆಕೆಂಡು ನಾ ನೋಡಿಲ್ಲ."

ಜೂನಿನಲ್ಲಿ ಬನ್ಸ್ ಗೋದಾಮಿನ ಕೆಲಸಕ್ಕೆ ಸೇರಿತು. ನನ್ನ ಪ್ಲಾಸ್ಟರ್ ಬಿಚ್ಚಿದರು. ನಿದ್ದೆ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿದರೆ ಕಡಲೆ ಉದುರುತ್ತಿತ್ತು. ನಾನು ಚೀರಿ ಎದ್ದರೆ ಅಮ್ಮ ನನಗಿಂತ ಮೊದಲೇ ಎದ್ದಿರುತ್ತಿದ್ದಳು. ಅಡುಗೆಮನೆಯಲ್ಲಿ ಸೌಟು ಬಿದ್ದರೂ ನಾನು ಹಾಸಿಗೆಯಡಿಗೆ ನುಗ್ಗುತ್ತಿದ್ದೆ. ಕಾಕಾ ನನಗಾಗಿ ತಟ್ಟೆಯ ಪರೀಕ್ಷೆಯನ್ನು ರೈಲ್ವೆ ಮೈದಾನಕ್ಕೆ ಒಯ್ದರು.

ಆಗಸ್ಟಿನ ಮೊದಲ ಭಾನುವಾರ ಅವರು ಬಾಗಿಲಲ್ಲಿ ನಿಂತು, "ಭಿವಂಡಿಗೆ ಹೊಂಟೇನಿ. ಬರ್ತೀರೇನು ಅಂತ ಕೇಳೂದಿಲ್ಲ. ಟೆಂಪೋದಾಗ ಜಾಗಾ ಐತಿ," ಎಂದು ಕೆಳಗಿಳಿದರು. ಅಮ್ಮ ಕೊಡೆ ತೆಗೆದುಕೊಂಡಳು.

ಗೋದಾಮಿನ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಬಾಗಿಲಲ್ಲಿ ನನ್ನ ಕಾಲುಗಳು ನಿಂತವು. ಅಮ್ಮ ನನ್ನ ಕೈ ಹಿಡಿದು ಮುಂದೆ ಹೆಜ್ಜೆ ಇಟ್ಟಳು.

"ಕೈ ಬಿಡ್ರಿ ಅಕ್ಕಾರ," ಎಂದರು ಕಾಕಾ. "ಎಳಕೊಂಡು ಹೋದ್ರ ಅದು ಬಂದಂಗಲ್ಲ."

ಅಮ್ಮ ಬಿಟ್ಟಳು. ನಾನು ಟೆಂಪೋಗೆ ಓಡಿದೆ. ಕಾಕಾ ಕಾಟಾದ ಮೇಲೆ ನನಗೆ ಬೆನ್ನು ಹಾಕಿ ಕೂತು ಮಳೆ ಕೇಳುತ್ತಿದ್ದರು. ಎರಡನೇ ಸಲ ಕಾಟಾದವರೆಗೆ ಹೋಗಿ ಮರಳಿದೆ. ಮೂರನೇ ಸಲ ಇಂಗಿನ ಮೂಲೆ ಮುಟ್ಟಿದೆ. ಬನ್ಸ್ ಅಲ್ಲಿಯೇ ಮಲಗಿತ್ತು. ಆ ಘಾಟಿನ ಪಕ್ಕ ಬೇರೆ ಯಾವ ನಾಯಿಯೂ ಮಲಗುವುದಿಲ್ಲವೆಂದು ವಾಚ್‌ಮನ್ ಹೇಳಿದ. ಅದು ಎದ್ದು ನನ್ನ ಅಂಗೈ ಮೂಸಿ, ಬಾಲದಿಂದ ಮೂಟೆಗಳನ್ನು ಬಡಿಯಿತು.

ಈಗ ಆ ಬಿಲ್ಡಿಂಗ್ ಇಲ್ಲ. ಅಲ್ಲೆದ್ದ ಟವರಿನ ಗೇಟಿನಲ್ಲಿ ನಾಯಿಗಳಿಗೆ ಅನ್ನ ಹಾಕಬಾರದೆಂಬ ಬೋರ್ಡಿದೆ. ಗೋದಾಮಿಗೆ ಕ್ಯಾಮರಾ ಬಂದಿದೆ. ಹೋಟೆಲಿಗೂ ಇಂಗು ಪುಡಿಯಾಗಿಯೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ, ಯಾರ ಕೈಯೂ ನಾರುವುದಿಲ್ಲ. ಬನ್ಸ್ ಅದೇ ಗೋದಾಮಿನಲ್ಲಿ ಮುದಿಯಾಗಿ ಸತ್ತಿತು. ಕಾಕಾ ಹೋಗಿಯೂ ವರ್ಷಗಳಾದವು. ನಾನು ಐರೋಲಿಯ ಆಫೀಸೊಂದರಲ್ಲಿ ಕೆಲಸ ಕೇಳಿ ಬಂದವರ ಸಂದರ್ಶನ ಮಾಡುತ್ತೇನೆ. ಮೊದಲ ಪ್ರಶ್ನೆಗೆ ತಡವರಿಸಿದವರ ಫೈಲನ್ನು ಪಕ್ಕದವರು ಮುಚ್ಚಿಬಿಡುತ್ತಾರೆ. ತಡವರಿಸಿದವರು ಹೊಳ್ಳಿ ಬರುತ್ತಿದ್ದರೋ ಏನೋ, ಬೆನ್ನು ಹಾಕಿ ಕೂತು ಕಾಯುವಷ್ಟು ಹೊತ್ತು ನಮ್ಮಲ್ಲಿ ಯಾರಿಗೂ ಇಲ್ಲ.

ಕಾಕಾ ತೀರಿಕೊಂಡಾಗ ಊರಿನಿಂದ ಬಂದ ಮಗ ಅವರ ನೋಟ್‌ಬುಕ್ ನನಗೆ ಕೊಟ್ಟ. ನಾಯಿಗಳ ಸಾಲುಗಳ ನಡುವೆ, ಅದೇ ಗುಂಡು ಅಕ್ಷರದಲ್ಲಿ ಒಂದು ಸಾಲಿದೆ: 'ಸುಧಾ. ಓಡಿದಳು. ಎಂಬತ್ನಾಲ್ಕು ದಿನ. ಬಂದಳು.'

ಎಂಬತ್ನಾಲ್ಕನೆಯ ಆ ದಿನ ಭಿವಂಡಿಯಿಂದ ಬಂದು ಉಂಡು ಮಲಗಿದ ನಾನೂ ಅಮ್ಮನೂ ಮಾರನೆಯ ಬೆಳಿಗ್ಗೆ ಏಳೂವರೆಯವರೆಗೆ ಏಳಲಿಲ್ಲ. ಹಾಲಿನ ಪ್ಯಾಕೆಟ್ ಬಾಗಿಲ ಚೀಲದಲ್ಲೇ ಇತ್ತು. ಆರು ಗಂಟೆಗೆ ಯಾವುದೋ ಹೊಸ ನಾಯಿಗಾಗಿ ಕಾಕಾ ಮತ್ತೆ ಕಾಂಪೌಂಡಿನಲ್ಲಿ ತಟ್ಟೆ ಬೀಳಿಸಿದರಂತೆ, ಮೂರನೇ ಮಾಳಿಗೆಯವರು ಬೈದರಂತೆ. ನಮಗೆ ಕೇಳಿಸಲಿಲ್ಲ.